ಕೀ ಜೇಬಿನಲ್ಲಿದೆ, ಎಂಜಿನ್ ಓಡ್ತಾನೇ ಇದೆ

ಬಟನ್ ಸ್ಟಾರ್ಟ್ ಕಾರು ಓಡಿಸುವವರಲ್ಲಿ ಒಂದು ನಂಬಿಕೆ ಇದೆ. ಕೀ ಜೇಬಿನಲ್ಲಿಟ್ಟುಕೊಂಡು ದೂರ ಹೋದರೆ ಎಂಜಿನ್ ತಾನಾಗಿಯೇ ನಿಲ್ಲುತ್ತದಂತೆ. ನಿಲ್ಲುವುದಿಲ್ಲ! ಒಂದೆರಡು ಬೀಪ್, ಡ್ಯಾಶ್‌ಬೋರ್ಡ್ ಮೇಲೆ ಒಂದು ಸಾಲು ಎಚ್ಚರಿಕೆ, ಅಷ್ಟೇ.

ಬಟನ್ ಒತ್ತಿದಾಗ ಕಾರು ಸುಮಾರು 125 ಕಿಲೋಹರ್ಟ್ಸ್‌ನಲ್ಲಿ ಕೀಯನ್ನು ಕರೆಯುತ್ತದೆ. ಆ ಕರೆ ಹೆಚ್ಚು ದೂರ ಹೋಗುವುದಿಲ್ಲ. ಹತ್ತಿರದಲ್ಲೇ ಇರುವ ಕೀ 315 ಅಥವಾ 433 ಮೆಗಾಹರ್ಟ್ಸ್‌ನಲ್ಲಿ ಗುಟ್ಟಿನ ಉತ್ತರ ಕೊಡುತ್ತದೆ. ಉತ್ತರ ಸರಿಯಿದ್ದರೆ ಎಂಜಿನ್ ಶುರು. ಆಮೇಲೆ ಕೀ ಕಾಣದಿದ್ದರೂ ಎಂಜಿನ್ ನಿಲ್ಲಬಾರದು ಅಂತ ಬೇಕೆಂದೇ ಹಾಗೆ ಮಾಡಿದ್ದಾರೆ. ಹೆದ್ದಾರಿಯಲ್ಲಿ ಹೋಗುವಾಗ ಕೀಯ ಸೆಲ್ ಖಾಲಿಯಾಗಿ, ಅದರಿಂದ ಎಂಜಿನ್ ನಿಂತು, ಒಂದೆರಡು ಸಲ ಒತ್ತುವಷ್ಟರಲ್ಲಿ ಬ್ರೇಕ್ ಪೆಡಲ್ ಗಟ್ಟಿಯಾಗಿಬಿಟ್ಟರೆ ಗತಿಯೇನು?

ತೊಂದರೆ ಆಗುವುದು ಕಾರು ಮನೆ ಸೇರಿದ ಮೇಲೆ. ಅದರಲ್ಲೂ ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿಯಲ್ಲೂ ಓಡುವ ಹೈಬ್ರಿಡ್ ಕಾರು ಇನ್ನೂ ಮೋಸ. ನಿಲ್ಲಿಸಿದಾಗ ಸದ್ದೇ ಇರುವುದಿಲ್ಲ, ಆಫ್ ಆಗಿದೆ ಅಂದುಕೊಂಡು ಇಳಿದು ಹೋಗುತ್ತೀರಿ, ಬ್ಯಾಟರಿ ಇಳಿದಾಗ ಎಂಜಿನ್ ತಾನೇ ಶುರುವಾಗುತ್ತದೆ. ಅಮೆರಿಕದಲ್ಲಿ ಗ್ಯಾರೇಜು ಹೆಚ್ಚಾಗಿ ಮನೆಗೇ ಅಂಟಿಕೊಂಡಿರುತ್ತದೆ, ಎಂಜಿನ್ ಹೊಗೆ ಅಲ್ಲಿಂದ ಮನೆಯೊಳಗೇ ಬರುತ್ತದೆ. ಅಲ್ಲಿ 2006ರಿಂದ ಹೀಗೆ ಕನಿಷ್ಠ 28 ಜನ ಸತ್ತಿದ್ದಾರೆ ಅಂತ 2018ರಲ್ಲಿ ನ್ಯೂಯಾರ್ಕ್ ಟೈಮ್ಸ್ ಲೆಕ್ಕ ಕೊಟ್ಟಿತು. ಅಲ್ಲಿರುವ ನಮ್ಮ ಕನ್ನಡದವರ ಮನೆಗಳೂ ಅಂಥವೇ ಅಲ್ವಾ?

ಕೊಲ್ಲುವುದು ಆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್. "ಹೊಗೆ ವಾಸನೆ ಬಂದರೆ ಗೊತ್ತಾಗುತ್ತೆ ಬಿಡಿ" ಅನ್ನುವವರಿಗೆ ಹೇಳಬೇಕು, ಈ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತಾರಲ್ಲ, ಹಾಗೆ. ಒಂದು ಸಲ ಟವೆಲ್ ಬಿತ್ತು ಅಂದರೆ ಆಮ್ಲಜನಕ ನಿಂತೇ ಇರಬೇಕು. ಹೊರಗಿನ ಗಾಳಿಗೆ ಬಂದರೂ ಇದರಲ್ಲಿ ಅರ್ಧ ಖಾಲಿಯಾಗಲು ನಾಲ್ಕೈದು ಗಂಟೆ ಬೇಕು. ಮೊದಲು ತಲೆನೋವು, ಸುಸ್ತು, ಮಂಕು. ಎದ್ದು ಹೋಗಬೇಕು ಅನ್ನುವ ಬುದ್ಧಿಯೇ ಮೊದಲು ಕೈಕೊಡುತ್ತದೆ.

ಇದಕ್ಕೊಂದು ಹಳೇ ಕಥೆ ಇದೆ. 1921ರಲ್ಲಿ ವಿಲಿಯಂ ವಿಲ್ಮರ್ ಎಂಬ ಅಮೆರಿಕದ ಕಣ್ಣಿನ ವೈದ್ಯರು ಒಂದು "ದೆವ್ವದ ಮನೆ"ಯ ವಿಷಯ ಬರೆದರು. ಮನೆಯವರಿಗೆ ಹೆಜ್ಜೆ ಸದ್ದು ಕೇಳುತ್ತಿತ್ತು, ಯಾರೋ ನಿಂತ ಹಾಗೆ ಕಾಣುತ್ತಿತ್ತು, ಕುಂಡದ ಗಿಡಗಳು ಸಾಯುತ್ತಿದ್ದವು. ನೋಡಿದರೆ ಮನೆ ಬೆಚ್ಚಗಿಡುವ ಒಲೆ ಕೆಟ್ಟು, ಅದರ ಅನಿಲ ಚಿಮಣಿಗೆ ಹೋಗದೆ ಕೋಣೆಗಳಿಗೆ ಬರುತ್ತಿತ್ತು. ಒಲೆ ರಿಪೇರಿ ಆಯಿತು, ದೆವ್ವವೂ ಹೋಯಿತು. ಈಗಲೂ ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿ ಮಲಗಿದವರು ಏಳದೆ ಹೋದರೆ ಗಾಳಿ ಸೋಕಿತು ಅನ್ನುವವರಿದ್ದಾರೆ. ಸೋಕಿದ್ದು ಗಾಳಿಯೇ, ನಿಜ, ಆದರೆ ಅದಕ್ಕೆ ಮಂತ್ರವಾದಿ ಬೇಕಿಲ್ಲ, ಕಿಟಕಿ ಬೇಕು.

ಕಾರಿಗೆ ಸಿಕ್ಕ ಮದ್ದು ಸುಮ್ನೆ ಒಂದು ಟೈಮರ್, ಕಾರು ನಿಂತಲ್ಲೇ ಇಂತಿಷ್ಟು ಹೊತ್ತು ಓಡ್ತಾ ಇದ್ದರೆ ಎಂಜಿನ್ ಆಫ್ ಮಾಡುವಂಥದ್ದು. ಟೊಯೋಟಾ 2020ರ ಮಾಡೆಲ್‌ನಿಂದ ಅಮೆರಿಕದ ತನ್ನ ಹೆಚ್ಚಿನ ಕಾರುಗಳಿಗೆ ಇದನ್ನು ಹಾಕುವುದಾಗಿ ಹೇಳಿತು. ಇಂಥ ನಿಯಮ ತರಬೇಕೆಂದು 2021ರ ಅಲ್ಲಿನ ಮೂಲಸೌಕರ್ಯ ಕಾಯ್ದೆ ಸಾರಿಗೆ ಇಲಾಖೆಗೆ ಸೂಚಿಸಿತು. ಇದನ್ನು ಸಿಗ್ನಲ್‌ನಲ್ಲಿ ಪೆಟ್ರೋಲ್ ಉಳಿಸಲು ನಿಂತು ಮತ್ತೆ ಶುರುವಾಗುವ ಸ್ಟಾರ್ಟ್-ಸ್ಟಾಪ್ ಜೊತೆ ಬೆರೆಸಬೇಡಿ, ಅದು ಬೇರೆಯೇ.

ಎಸಿ ಹಾಕಿಕೊಂಡು ಕಾರಲ್ಲಿ ಕೂರುವವರಿಗೆ ಈ ಟೈಮರ್ ಮೇಲೆ ಭಾರಿ ಕೋಪ. ಫೋರ್ಡ್‌ನ ಹಲವು ಕಾರುಗಳು ಸುಮ್ಮನೆ ನಿಂತು 30 ನಿಮಿಷವಾದರೆ ಮೊದಲು ಎಚ್ಚರಿಸಿ ಆಮೇಲೆ ಆಫ್ ಆಗುತ್ತವೆ. ಕಾರಲ್ಲಿ ನೀವಿದ್ದರೆ ಬ್ರೇಕ್ ಒತ್ತಿದರೆ ಸಾಕು, ಎಣಿಕೆ ಮತ್ತೆ ಮೊದಲಿನಿಂದ. ಮೆನುವಿನಲ್ಲಿ ಬೇಡ ಅಂತಲೂ ಹೇಳಬಹುದು. ಆದರೆ ಅದು ಆ ಹೊತ್ತಿಗೆ ಮಾತ್ರ, ಮುಂದಿನ ಸಲ ಸ್ಟಾರ್ಟ್ ಮಾಡಿದಾಗ ಟೈಮರ್ ಮತ್ತೆ ಹಾಜರ್. ಕಾಯಂ ಆಗಿ ತೆಗೆಯಲು ಕಂಪನಿ ದಾರಿಯನ್ನೇ ಇಟ್ಟಿಲ್ಲ. ಒಳ್ಳೆಯದೇ ಮಾಡಿದೆ. ಅಂದ ಹಾಗೆ ಮುಚ್ಚಿದ ಗ್ಯಾರೇಜಿನಲ್ಲಿ 30 ನಿಮಿಷವೂ ಕಡಿಮೆ ಹೊತ್ತಲ್ಲ, ಅದಕ್ಕೇ ಮಲಗುವ ಕೋಣೆಯ ಹೊರಗೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಬೇಕು, ಹೊಗೆಯದ್ದು ಸಾಲದು.