113 ಇಲ್ಲದೆ ಸರ್ಕಾರ ಹೇಗೆ ರಚನೆ ಆಯಿತು?

ಪ್ರಶ್ನೆ: 2019ರಲ್ಲಿ ಕಾಂಗ್ರೆಸ್-ಜೆಡಿಎಸ್ ದೋಸ್ತಿ ಸರ್ಕಾರ ಬಿದ್ದಾಗ ಬಿಜೆಪಿ ಹತ್ತಿರ ಇದ್ದದ್ದು 105 ಶಾಸಕರು. ಮ್ಯಾಜಿಕ್ ನಂಬರ್ 113 ಅಲ್ವಾ? ಮತ್ತೆ ಯಡಿಯೂರಪ್ಪ ಹೇಗೆ ಮುಖ್ಯಮಂತ್ರಿ ಆದರು?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದರೂ ವಿಧಾನಸೌಧದಲ್ಲಿ ಸ್ವಲ್ಪ ಗದ್ದಲ ಎದ್ದ ತಕ್ಷಣ ಮತ್ತೆ ಬಂದು ನಿಲ್ಲುತ್ತದೆ. ಕೇಳುವವರ ತಪ್ಪೇನಿಲ್ಲ. ಟಿವಿಯಲ್ಲಿ ಬೆಳಗಿನಿಂದ ರಾತ್ರಿವರೆಗೂ 113, 113 ಅಂತ ತೋರಿಸಿದರೆ ಜನ ನಂಬದೆ ಇನ್ನೇನು ಮಾಡುತ್ತಾರೆ. ಅದಕ್ಕೇ ಇನ್ನೊಮ್ಮೆ, ಈ ಸಲ ಬಿಡಿಸಿ ಹೇಳುತ್ತೇನೆ.

113 ಅನ್ನೋ ಸಂಖ್ಯೆ ಸಂವಿಧಾನದಲ್ಲಿ ಎಲ್ಲೂ ಇಲ್ಲ. ನಮ್ಮ ವಿಧಾನಸಭೆಯ 224 ಸ್ಥಾನಗಳ ಅರ್ಧಕ್ಕೆ ಒಂದು ಕೂಡಿಸಿದರೆ ಬರುವ ಲೆಕ್ಕ ಅದು, ಅಷ್ಟೇ. ಸಂವಿಧಾನದ 189ನೇ ವಿಧಿ ಹೇಳುವುದು ಬೇರೆಯೇ: ಅವತ್ತು ಸದನಕ್ಕೆ ಬಂದು ಮತ ಹಾಕಿದವರಲ್ಲಿ ಯಾವ ಕಡೆ ಜಾಸ್ತಿಯೋ ಆ ಕಡೆ ಗೆಲುವು. ಎರಡೂ ಕಡೆ ಸಮ ಆದರೆ ಮಾತ್ರ ಸ್ಪೀಕರ್ ಮತ ಹಾಕುತ್ತಾರೆ. ಬರದವರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. 150 ಜನ ಮತ ಹಾಕಿದರೆ 76 ಸಾಕು.

ಇಷ್ಟು ಹೇಳಿದ ಮೇಲೂ ‘ಅದೆಲ್ಲ ಸಣ್ಣಪುಟ್ಟ ಮಸೂದೆಗೆ ಸರಿ, ಸರ್ಕಾರ ಇರಬೇಕೋ ಬೀಳಬೇಕೋ ಅನ್ನುವಾಗ 113 ಬೇಕೇ ಬೇಕು’ ಅನ್ನುವವರು ಇದ್ದಾರೆ. ದಯವಿಟ್ಟು 179ನೇ ವಿಧಿ ನೋಡಿ. ಸ್ಪೀಕರನ್ನು ಕೆಳಗಿಳಿಸಬೇಕಾದರೆ ಆಗ ಸದನದಲ್ಲಿರುವ ಒಟ್ಟು ಸದಸ್ಯರ ಬಹುಮತ ಬೇಕು, ಬಂದವರದ್ದು ಮಾತ್ರ ಸಾಲದು ಅಂತ ಅಲ್ಲಿ ಬಿಡಿಸಿ ಬರೆದಿದ್ದಾರೆ. ಬೇಕಾದ ಕಡೆ ಬರೆದಿದ್ದಾರೆ, ಬೇಡದ ಕಡೆ ಬರೆದಿಲ್ಲ. ವಿಶ್ವಾಸಮತಕ್ಕೆ ಆ ಷರತ್ತು ಇಲ್ಲ. ಸ್ಪೀಕರ್ ಕುರ್ಚಿಗೆ ಇರುವ ಈ ರಕ್ಷಣೆ ಮುಖ್ಯಮಂತ್ರಿ ಕುರ್ಚಿಗೆ ಇಲ್ಲ ಅನ್ನೋದನ್ನು ಎಷ್ಟೋ ಜನ ಗಮನಿಸಿಯೇ ಇಲ್ಲ.

ಇನ್ನು 2019ರ ಜುಲೈ 23ಕ್ಕೆ ಬನ್ನಿ. ದೋಸ್ತಿ ಸರ್ಕಾರದ ಮುಖ್ಯಮಂತ್ರಿ ಕುಮಾರಸ್ವಾಮಿ ವಿಶ್ವಾಸಮತ ಕೇಳಿದರು. ಪರ 99, ವಿರುದ್ಧ 105. ಮತ ಹಾಕಿದವರು ಒಟ್ಟು 204. ಎರಡೂ ಕಡೆ 113 ಇರಲಿಲ್ಲ, ಆದರೂ ಸರ್ಕಾರ ಬಿತ್ತು. ಆಮೇಲೆ ಸ್ಪೀಕರ್ ರಮೇಶ್ ಕುಮಾರ್ ಎರಡು ಕಂತಿನಲ್ಲಿ 17 ಶಾಸಕರನ್ನು ಅನರ್ಹ ಮಾಡಿದರು. 224ರಲ್ಲಿ ಉಳಿದದ್ದು 207. ಅದರ ಬಹುಮತ 104. ಯಡಿಯೂರಪ್ಪ ಹತ್ತಿರ 105 ಇತ್ತು. ಜುಲೈ 29ರಂದು ಧ್ವನಿಮತದಲ್ಲೇ ಗೆದ್ದರು.

ಅಂದರೆ ಆಟ ಇದ್ದದ್ದು ತಮ್ಮ ಕಡೆ ಎಂಟು ಜನರನ್ನು ಸೇರಿಸೋದರಲ್ಲಿ ಅಲ್ಲ. ಎದುರಿನವರ ಸಂಖ್ಯೆ ಇಳಿಸೋದರಲ್ಲಿ. ಯಾಕೆ ಹೀಗೆ? 1985ರ ಪಕ್ಷಾಂತರ ನಿಷೇಧ ಕಾಯ್ದೆಯಲ್ಲಿ ಮೂರನೇ ಒಂದು ಭಾಗ ಶಾಸಕರು ಒಡೆದು ಬಂದರೆ ಬಚಾವಾಗುವ ದಾರಿ ಇತ್ತು. 2003ರ 91ನೇ ತಿದ್ದುಪಡಿ ಅದನ್ನು ಮುಚ್ಚಿತು. ಈಗ ಉಳಿದಿರುವುದು ವಿಲೀನ, ಅದಕ್ಕೆ ಮೂರನೇ ಎರಡು ಭಾಗ ಬೇಕು. ಕಾಂಗ್ರೆಸ್‌ನ 79ರಲ್ಲಿ 53, ಜೆಡಿಎಸ್‌ನ 37ರಲ್ಲಿ 25. ಅಷ್ಟು ಜನರನ್ನು ಎಲ್ಲಿಂದ ತರುತ್ತಾರೆ? ಪಕ್ಷದಲ್ಲೇ ಕೂತು ವಿಪ್ (ಹೀಗೇ ಮತ ಹಾಕಿ ಅನ್ನುವ ಪಕ್ಷದ ಆದೇಶ) ಮೀರಿ ಎದುರು ಮತ ಹಾಕಿದರೆ ಅನರ್ಹತೆ. ಹಾಗಾಗಿ ಉಳಿದದ್ದು ರಾಜೀನಾಮೆ ಕೊಡಿಸಿ ಎದುರಿನವರ ಸಂಖ್ಯೆ ಇಳಿಸುವ ದಾರಿ. 2008ರಲ್ಲಿ 110 ಸ್ಥಾನ ಗೆದ್ದ ಬಿಜೆಪಿ ಇದೇ ದಾರಿ ಹಿಡಿದಿತ್ತು, ಆಪರೇಷನ್ ಕಮಲ ಅನ್ನೋ ಹೆಸರು ಬಂದಿದ್ದೇ ಆಗ.

ಅದೇ 91ನೇ ತಿದ್ದುಪಡಿ ಮಂತ್ರಿಗಳ ಸಂಖ್ಯೆಗೂ ಮಿತಿ ಹಾಕಿತು. ನಮ್ಮ ರಾಜ್ಯಕ್ಕೆ 34. ದೋಸ್ತಿಗಳು ಅದನ್ನು ಕಾಂಗ್ರೆಸ್‌ಗೆ 22, ಜೆಡಿಎಸ್‌ಗೆ 12 ಅಂತ ಹಂಚಿಕೊಂಡರು. ಹಂಚಿದ ಮೇಲೆ ಸಿಗದವರೇ ಜಾಸ್ತಿ ಉಳಿದರು. 2019ರ ಲೋಕಸಭೆ ಚುನಾವಣೆಯಲ್ಲಿ 28ರಲ್ಲಿ ಎರಡೂ ಪಕ್ಷಕ್ಕೆ ಒಂದೊಂದೇ ಸ್ಥಾನ ಬಂತು. ಈ ಸರ್ಕಾರ ಜನರಿಗೆ ಬೇಡವಾಗಿದೆ ಅಂತ ಶಾಸಕರಿಗೇ ಗೊತ್ತಾಯಿತು, ಅಲ್ಲಿಂದ ಯಾರನ್ನೂ ಹಿಡಿದಿಡಲು ಆಗಲಿಲ್ಲ. ಬೆಂಗಳೂರೊಂದರಲ್ಲೇ ಯಶವಂತಪುರ, ಕೆ.ಆರ್. ಪುರ, ಮಹಾಲಕ್ಷ್ಮಿ ಲೇಔಟ್, ರಾಜರಾಜೇಶ್ವರಿ ನಗರ, ಶಿವಾಜಿನಗರ, ಐದು ಕ್ಷೇತ್ರಗಳ ಶಾಸಕರು ಹೊರಟರು. ಬಿಟಿಎಂನ ರಾಮಲಿಂಗಾರೆಡ್ಡಿ ಕೂಡ ರಾಜೀನಾಮೆ ಕೊಟ್ಟಿದ್ದರು, ಆಮೇಲೆ ಮನಸ್ಸು ಬದಲಿಸಿ ವಾಪಸ್ ಬಂದರು. ಮತ ಹಾಕಿದ ನಾವು ಟಿವಿ ಮುಂದೆ ಕೂತು ನಮ್ಮ ಶಾಸಕರು ಮುಂಬೈ ಹೋಟೆಲಲ್ಲಿ ಇರುವುದನ್ನು ನೋಡಬೇಕಾಯಿತು. ಈಗಲೂ ನೆನೆಸಿಕೊಂಡರೆ ಸಿಟ್ಟು ಬರುತ್ತದೆ.

ಇಲ್ಲಿ ಯಾರೂ ಕೇಳದ, ಆದರೆ ಕೇಳಲೇಬೇಕಾದ ಪ್ರಶ್ನೆ ಒಂದಿದೆ. ಅನರ್ಹರಾದವರು ಮತ್ತೆ ಮಂತ್ರಿ ಹೇಗಾದರು? ಅವಧಿ ಮುಗಿಯುವವರೆಗೂ ಇವರು ಸ್ಪರ್ಧಿಸುವಂತಿಲ್ಲ ಅಂತ ಸ್ಪೀಕರ್ ಆದೇಶಿಸಿದ್ದರು. 2019ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು, ಸ್ಪರ್ಧೆಗೆ ಇದ್ದ ತಡೆಯನ್ನು ಮಾತ್ರ ತೆಗೆದುಹಾಕಿತು. ಡಿಸೆಂಬರ್ 5ರಂದು 15 ಕ್ಷೇತ್ರಗಳಿಗೆ ಉಪಚುನಾವಣೆ ನಡೆಯಿತು, ಬಿಜೆಪಿ 12 ಗೆದ್ದಿತು. 2020ರ ಫೆಬ್ರವರಿಯಲ್ಲಿ ಹತ್ತು ಜನ ಮಂತ್ರಿಗಳಾದರು.

ಸೋತವರ ಕಥೆಯಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಅನರ್ಹರಾದವರು ಮತ್ತೆ ಚುನಾಯಿತರಾಗುವವರೆಗೆ ಅಥವಾ ಅವರ ಅವಧಿ ಮುಗಿಯುವವರೆಗೆ ಮಂತ್ರಿ ಆಗುವಂತಿಲ್ಲ ಅನ್ನುತ್ತದೆ 164ನೇ ವಿಧಿ. ಹೊಸಕೋಟೆಯಲ್ಲಿ ಸೋತ ಎಂಟಿಬಿ ನಾಗರಾಜ್ ವಿಧಾನ ಪರಿಷತ್ತಿಗೆ ಚುನಾಯಿತರಾದರು, ಮಂತ್ರಿಯೂ ಆದರು. ಹುಣಸೂರಿನಲ್ಲಿ ಸೋತ ಎಚ್. ವಿಶ್ವನಾಥ್ ಅದೇ ಪರಿಷತ್ತಿಗೆ ನಾಮನಿರ್ದೇಶನದಿಂದ ಹೋದರು. ನಾಮನಿರ್ದೇಶನ ಚುನಾವಣೆ ಅಲ್ಲ ಅಂತ ಹೈಕೋರ್ಟ್ ಅವರನ್ನು ತಡೆಯಿತು, 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಉಳಿಸಿತು. ಅವರು ಮಂತ್ರಿ ಆಗಲಿಲ್ಲ.