ಮಗು ನಿಮಗೆ ಹೇಳಿಲ್ಲ, ಅಷ್ಟೇ

ಶಾಲೆಗಳಲ್ಲಿ ಕೌನ್ಸೆಲರ್ ಆಗಿ ಕೆಲಸ ಮಾಡುವ ನನಗೆ ಟೀಚರ್‌ಗಳಿಂದ ಪದೇ ಪದೇ ಬರುವ ಪ್ರಶ್ನೆ ಒಂದಿದೆ. "ನಮ್ಮ ಕ್ಲಾಸಲ್ಲಿ ಎಲ್‌ಜಿಬಿಟಿಕ್ಯು ಮಕ್ಕಳು ಯಾರೂ ಇಲ್ವಲ್ಲ, ಈ ತರಬೇತಿ ಯಾಕೆ?"

ಎಲ್‌ಜಿಬಿಟಿಕ್ಯು ಅಂದರೆ ತಮ್ಮದೇ ಲಿಂಗದವರತ್ತ ಅಥವಾ ಒಂದಕ್ಕಿಂತ ಹೆಚ್ಚು ಲಿಂಗದವರತ್ತ ಆಕರ್ಷಿತರಾಗುವವರು, ಹುಟ್ಟಿದಾಗ ಗುರುತಿಸಿದ ಲಿಂಗ ತಮ್ಮದಲ್ಲ ಅನಿಸುವ ಟ್ರಾನ್ಸ್ ಜನ, ಇಂಥವರೆಲ್ಲ. ಅಂಥ ಮಕ್ಕಳು ಇಲ್ಲ ಅಂತಲ್ಲ, ನಿಮಗೆ ಹೇಳಿಲ್ಲ ಅಷ್ಟೇ. ಯಾರ ಹತ್ತಿರ ಬಾಯಿಬಿಡಬಹುದು ಅಂತ ಆ ಮಗು ತಿಂಗಳುಗಟ್ಟಲೆ ನೋಡುತ್ತಿರುತ್ತದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗನ ನಡಿಗೆಯನ್ನು ಅಣಕಿಸಿದಾಗ ನೀವೂ ನಕ್ಕಿರಾ, ಕೇಳಿಸದವರ ಹಾಗೆ ಬೋರ್ಡಿನ ಕಡೆ ತಿರುಗಿದಿರಾ, ಇಲ್ಲ ಬರೆಯುವುದನ್ನು ನಿಲ್ಲಿಸಿ "ಈ ಮಾತು ನನ್ನ ಕ್ಲಾಸಲ್ಲಿ ಬೇಡ" ಅಂದಿರಾ, ಎಲ್ಲವನ್ನೂ ಅದು ಲೆಕ್ಕ ಇಟ್ಟಿರುತ್ತದೆ. ಭಾಷಣ ಬೇಕಿಲ್ಲ, ಆ ಒಂದು ಮಾತು ಸಾಕು. ಆದರೆ "ಏಯ್, ಅವನು ಹಾಗಿಲ್ಲ ಕಣೋ" ಅಂತ ಮಾತ್ರ ಅನ್ನಬೇಡಿ. ಒಳ್ಳೆಯ ಮನಸ್ಸಿಂದಲೇ ಅಂದಿರುತ್ತೀರಿ, ನಿಜ. ಆದರೆ ಹಾಗಿರುವುದೇ ಅವಮಾನ ಅಂತ ನೀವೂ ಒಪ್ಪಿಕೊಂಡ ಹಾಗಾಯ್ತು, ಅಲ್ವಾ?

ಸುಮ್ನಿದ್ದರೆ ಯಾರ ಕಡೆಯೂ ಅಲ್ಲ ಅಂದುಕೊಳ್ಳುತ್ತೇವೆ, ಆದರೆ ಹಾಗಲ್ಲ. ಬ್ರಿಟನ್‌ನಲ್ಲಿ 1988ರಲ್ಲಿ ಸೆಕ್ಷನ್ 28 ಅನ್ನೋ ಕಾನೂನು ಬಂತು. ಸ್ಥಳೀಯ ಆಡಳಿತಗಳು ಸಲಿಂಗಕಾಮಕ್ಕೆ ಪ್ರೋತ್ಸಾಹ ಕೊಡಬಾರದು ಅಂತ ಅದರಲ್ಲಿತ್ತು. ಅದಕ್ಕೆ ಹೆದರಿ ಎಷ್ಟೋ ಟೀಚರ್‌ಗಳು ಕಣ್ಣೆದುರೇ ನಡೆಯುವ ಕಿರುಕುಳದ ಬಗ್ಗೆಯೂ ಬಾಯಿ ಮುಚ್ಚಿಕೊಂಡರು. ಇಂಗ್ಲೆಂಡ್‌ನಲ್ಲಿ ಆ ಕಾನೂನು ಹೋಗಿದ್ದು 2003ರಲ್ಲಿ.

ಇನ್ನು ಟಾಯ್ಲೆಟ್ ವಿಷಯ. ಮೀಟಿಂಗ್‌ನಲ್ಲಿ ಇದನ್ನು ಎತ್ತಿದರೆ ಎಲ್ಲರೂ ನೆಲ ನೋಡುತ್ತಾರೆ. ದಿನಾ ಕೊನೆಯ ಪೀರಿಯಡ್‌ಗೆ ತಲೆನೋವು ಅಂತ ಬರುತ್ತಿದ್ದ ಒಂದು ಮಗುವಿನ ನೀರಿನ ಬಾಟಲಿ ನೋಡಿದೆ. ಮನೆಯಿಂದ ತುಂಬಿಸಿ ತಂದಿದ್ದು ಹಾಗೇ ಇತ್ತು. ನೀರು ಕುಡಿದರೆ ಟಾಯ್ಲೆಟ್‌ಗೆ ಹೋಗಬೇಕು, ಹುಡುಗರದಕ್ಕೆ ಹೋದರೆ ಏಟು, ಹುಡುಗಿಯರದಕ್ಕೆ ಹೋದರೆ ಕಿರುಚಾಟ. ಅದಕ್ಕೆ ಬೆಳಗ್ಗೆಯಿಂದ ಸಂಜೆವರೆಗೆ ಒಂದು ಗುಟುಕೂ ಇಲ್ಲ. ಒಬ್ಬರೇ ಹೋಗಿ ಚಿಲಕ ಹಾಕಿಕೊಳ್ಳುವಂಥ ಒಂದು ಟಾಯ್ಲೆಟ್ ಎಲ್ಲರಿಗೂ ತೆರೆದಿರಲಿ. ಬೀಗದ ಕೈ ಸ್ಟಾಫ್ ರೂಮಲ್ಲಿಟ್ಟರೆ ಪ್ರಯೋಜನವಿಲ್ಲ, ಪ್ರತಿ ಸಲ ಹತ್ತು ಜನರ ಮುಂದೆ ಕೇಳಿ ಪಡೆಯಬೇಕಾಗುತ್ತದೆ.

ಹೆಸರಿನದೂ ಹಾಗೇ. ಟ್ರಾನ್ಸ್ ಮಗು ತನ್ನನ್ನು ಯಾವ ಹೆಸರಿಂದ ಕರೆಯಬೇಕು ಅಂತ ಹೇಳಿದರೆ ಆ ಹೆಸರಿಂದಲೇ ಕರೆಯಿರಿ. ದಾಖಲೆ ತಿದ್ದುವುದು ಬೇರೆ ಕೆಲಸ, ಅದಕ್ಕೆ ಸಮಯ ಬೇಕು. ಕರೆಯೋಕೆ ಯಾರ ಸಹಿಯೂ ಬೇಕಿಲ್ಲ. ಆದರೆ ಎಲ್ಲರ ಮುಂದೆ ಆ ಹೆಸರು ಹೇಳಬಹುದಾ, ಮನೆಗೆ ಫೋನ್ ಮಾಡುವಾಗ ಯಾವ ಹೆಸರು ಅಂತ ಮೊದಲೇ ಮಗುವನ್ನು ಕೇಳಿಕೊಳ್ಳಿ.

ಯಾಕಂದ್ರೆ ಅತಿ ದೊಡ್ಡ ತಪ್ಪು ನಡೆಯುವುದು ಅಲ್ಲೇ. ಮಗು ನಂಬಿ ಹೇಳಿದ್ದು ಸಂಜೆಯೊಳಗೆ ಅಪ್ಪ ಅಮ್ಮನ ಕಿವಿಗೆ ಬಿದ್ದಿರುತ್ತದೆ. ಕೆಲವು ಮನೆಗಳಲ್ಲಿ ಅಪ್ಪಿಕೊಳ್ಳುತ್ತಾರೆ, ಕೆಲವು ಮನೆಗಳಲ್ಲಿ ಹೊರಗೆ ಹಾಕುತ್ತಾರೆ, ನಿಮ್ಮ ವಿದ್ಯಾರ್ಥಿಯ ಮನೆ ಯಾವುದು ಅಂತ ಗೊತ್ತಿರುವುದು ಆ ಮಗುವಿಗೆ ಮಾತ್ರ. ಜೀವಕ್ಕೆ ಅಪಾಯ ಅನಿಸಿದರೆ ಗುಟ್ಟಾಗಿ ಇಡೋಕಾಗಲ್ಲ. ಅದನ್ನೂ ಮಾತು ಶುರುವಾಗುವ ಮೊದಲೇ ಹೇಳಿಬಿಡಿ, ಆಮೇಲೆ ಮೋಸ ಅನಿಸಬಾರದು.

ವಿಷಯ ಗೊತ್ತಾದ ಮೇಲೆ "ಇದನ್ನ ಸರಿ ಮಾಡಿ ಮೇಡಂ" ಅಂತ ಬರುವ ಪೋಷಕರಿಗೆ ನಾನು ಹೇಳುವುದಿಷ್ಟೇ: ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗಕಾಮವನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದಿದೆ. 2019ರಲ್ಲಿ ಒಪ್ಪಿದ ಹೊಸ ಪಟ್ಟಿಯಲ್ಲಿ ಟ್ರಾನ್ಸ್ ಆಗಿರುವುದೂ ಮಾನಸಿಕ ಕಾಯಿಲೆ ಅಲ್ಲ. ಸರಿ ಮಾಡೋಕೆ ಏನೂ ಕೆಟ್ಟಿಲ್ಲ.

ಮಕ್ಕಳು ನೇರವಾಗಿ ಬಂದು ಹೇಳುವುದು ಕಡಿಮೆ. ಪರೀಕ್ಷೆ ಟೈಮ್‌ಟೇಬಲ್ ಕೇಳೋಕೆ ಬರುತ್ತಾರೆ. ಮಾರನೇ ದಿನ ಮತ್ತೆ ಅದನ್ನೇ ಕೇಳುತ್ತಾರೆ. ಮೂರನೇ ಸಲವೂ ಬಂದು ಬಾಗಿಲ ಹತ್ತಿರ ಬ್ಯಾಗಿನ ಜಿಪ್ ಎಳೆಯುತ್ತಾ ನಿಂತರೆ, ಟೈಮ್‌ಟೇಬಲ್ ನೋಟಿಸ್ ಬೋರ್ಡಲ್ಲಿದೆ ಅಂತ ಕಳಿಸಬೇಡಿ. ಪೆನ್ ಕೆಳಗಿಟ್ಟು ಕುರ್ಚಿ ತೋರಿಸಿ.