ಸರ್ವರ್ ಮೇಲಿನ ನಿಂಬೆಹಣ್ಣು

ಸಾಗರದ ಕಡೆಯ ಗೆಳೆಯರೊಬ್ಬರು ಅಡಿಕೆ ಧಾರಣೆ ತೋರಿಸುವ ಸಣ್ಣ ವೆಬ್‌ಸೈಟ್ ನಡೆಸುತ್ತಾರೆ. ರಾಶಿ, ಬೆಟ್ಟೆ, ಗೊರಬಲು, ಸರಕು: ನಾಲ್ಕೇ ಸಾಲು. ಮಂಡಿಯ ರೇಟು ಬಂತು ಅಂದ ಕೂಡಲೇ ತೋಟದವರೆಲ್ಲ ಒಟ್ಟಿಗೇ ಮೊಬೈಲ್ ಒತ್ತುತ್ತಾರೆ, ಸೈಟು ಮಲಗುತ್ತದೆ. ಸರ್ವರ್ ತನ್ನ ಪಾಡಿಗೆ ಬರೆದಿಡುವ ಲಾಗ್ ತೆಗೆದು ನೋಡಿದರೆ ಒಂದೇ ಗೋಳು, 'ಸಾರಿ, ಟೂ ಮೆನಿ ಕ್ಲೈಂಟ್ಸ್ ಆಲ್ರೆಡಿ'. ಆಯುಧಪೂಜೆಯಲ್ಲಿ ಇಟ್ಟ ನಿಂಬೆಹಣ್ಣು ಸರ್ವರ್ ಮೇಲೆ ಹಾಗೇ ಇತ್ತು. "ಈ ಸಲ ಕುಂಬಳಕಾಯಿ ಒಡೀಲಿಲ್ಲ ಮಾರಾಯ್ರೆ, ಅದಕ್ಕೇ ಇರ್ಬೇಕು" ಅಂದರು. ಅರ್ಧ ತಮಾಷೆಗೆ. ಇನ್ನರ್ಧದ ಬಗ್ಗೆ ನಾನು ಕೇಳಲಿಲ್ಲ.

ನಿಂಬೆಹಣ್ಣಾದರೂ ಪಾಪ, ಯಾರಿಗೂ ತೊಂದರೆ ಕೊಡುವುದಿಲ್ಲ. ತೊಂದರೆ ಕೊಟ್ಟಿದ್ದು ಇನ್ನೊಂದು ಮೂಢನಂಬಿಕೆ: ಜನ ಜಾಸ್ತಿಯಾದರೆ ಕನೆಕ್ಷನ್, ಅಂದರೆ ಸೈಟಿನಿಂದ ರೇಟು ಇಟ್ಟಿರುವ ಡೇಟಾಬೇಸಿಗೆ ಹೋಗುವ ದಾರಿ, ಜಾಸ್ತಿ ಮಾಡು. ಸೈಟು ಕಟ್ಟಿದ್ದು ಜ್ಯಾಂಗೋ ಅನ್ನುವ ತಂತ್ರಾಂಶದಲ್ಲಿ. ಅದರ ವರ್ಕರ್‌ಗಳನ್ನು, ಅಂದರೆ ಬಂದವರನ್ನು ವಿಚಾರಿಸುವ ಕೆಲಸಗಾರರನ್ನು, ಅವರು 120 ಮಾಡಿದ್ದರು. ಡೇಟಾಬೇಸಿನ ಹೆಸರು ಪೋಸ್ಟ್‌ಗ್ರೆಸ್, ನಾವು ಏನೂ ಹೇಳದಿದ್ದರೆ ಅದು ಒಪ್ಪುವುದು 100 ಕನೆಕ್ಷನ್. ಅದರಲ್ಲೂ 3 ಅಡ್ಮಿನ್‌ಗೆ ಮೀಸಲು. ಉಳಿದದ್ದು 97. 98ನೆಯವನು ಬಂದರೆ ಜಾಗ ಇಲ್ಲ. ಇದನ್ನು ಓದಿಕೊಂಡು ಅವರು ಮಿತಿಯನ್ನು 1000ಕ್ಕೆ, ವರ್ಕರ್‌ಗಳನ್ನು 400ಕ್ಕೆ ಏರಿಸಿದರು. ಮೆಷಿನ್ನಿನಲ್ಲಿ ಇದ್ದದ್ದು 4 ಕೋರ್, ಅಂದರೆ ಲೆಕ್ಕ ಮಾಡುವ ತಲೆ ನಾಲ್ಕೇ. 'ಸಾರಿ' ನಿಂತಿತು, ಪುಟ ಮಾತ್ರ ತೆರೆಯಲೊಲ್ಲದು.

ಜ್ಯಾಂಗೋದ ಸೆಟ್ಟಿಂಗ್ಸ್ ಫೈಲಿನಲ್ಲಿ ಡೇಟಾಬೇಸಿಗೆ ಅಂತ ಇರುವುದು ಐದಾರು ಸಾಲು: ಎಂಜಿನ್, ಹೆಸರು, ಯೂಸರ್, ಪಾಸ್‌ವರ್ಡ್, ಹೋಸ್ಟ್, ಪೋರ್ಟ್. ನೋಡಿದರೆ ಲಕೋಟೆ ಮೇಲಿನ ವಿಳಾಸದ ಹಾಗಿದೆ, ಅಲ್ವಾ? ಆದರೆ ವಿಳಾಸ ಹಿಡಿದು ಹೋದ ಮೇಲೆ ಏನೇನು ನಡೆಯುತ್ತದೆ ಅನ್ನುವುದರಲ್ಲೇ ಮಜಾ ಇರುವುದು.

ಮಲೆನಾಡಿನ ಮನೆಗೆ ಹೋಗುತ್ತೀರಿ ಅಂದುಕೊಳ್ಳಿ. ದಣಪೆ ಹತ್ತಿರ ನಿಂತು ಕೂಗುತ್ತೀರಿ. ಒಳಗಿನಿಂದ 'ಓ, ಬನ್ನಿ' ಅನ್ನುತ್ತಾರೆ. 'ಬಂದೆ' ಅನ್ನುತ್ತೀರಿ. ಎರಡು ಕಂಪ್ಯೂಟರ್‌ಗಳು ಮಾತು ಶುರು ಮಾಡುವ ಪದ್ಧತಿಗೆ ಟಿಸಿಪಿ ಅನ್ನುತ್ತಾರೆ, ಅದರ ಮೂರು ಮಾತು ಇಷ್ಟೇ. ಆಮೇಲೆ ಯಾವ ಊರು, ಯಾರ ಮಗ ಅಂತ ವಿಚಾರಣೆ. ಪೋಸ್ಟ್‌ಗ್ರೆಸ್ ಈ ವಿಚಾರಣೆಯಲ್ಲಿ ಎಷ್ಟು ಗಟ್ಟಿ ಅಂದರೆ, ಪಾಸ್‌ವರ್ಡನ್ನು ಸಾಮಾನ್ಯವಾಗಿ 4096 ಸಲ ಅರೆದು ತಾಳೆ ನೋಡುತ್ತಾರೆ. ಈ ವಿಚಾರಣೆಗೂ ಮೊದಲೇ ನಿಮ್ಮೊಬ್ಬರನ್ನೇ ನೋಡಿಕೊಳ್ಳಲು ಮನೆಯ ಒಬ್ಬ ಆಳು ನೇಮಕ, ಅಂದರೆ ಪ್ರತಿ ಕನೆಕ್ಷನ್ನಿಗೂ ಬೇರೆಯೇ ಒಂದು ಪ್ರೊಸೆಸ್. ನೀರು, ಬೆಲ್ಲ, ಕವಳ. ಇಷ್ಟೆಲ್ಲ ಆದ ಮೇಲೆ ನೀವು ಕೇಳುವುದು, "ಇವತ್ತು ರಾಶಿ ಎಷ್ಟು?" ಉತ್ತರ ಬಂತು, ಎದ್ದಿರಿ, ಹೊರಟಿರಿ. ಅರೆಗಳಿಗೆಯಲ್ಲಿ ಮತ್ತೆ ಅದೇ ದಣಪೆ, ಅದೇ ಕೂಗು.

ಜ್ಯಾಂಗೋ ತನ್ನಷ್ಟಕ್ಕೆ ಮಾಡುವುದು ಇದನ್ನೇ. 'ಕಾನ್ ಮ್ಯಾಕ್ಸ್ ಏಜ್' ಅನ್ನುವ ಸೆಟ್ಟಿಂಗ್ ಸೊನ್ನೆ ಇರುತ್ತದೆ. ಒಂದು ರಿಕ್ವೆಸ್ಟ್ ಮುಗಿದರೆ ಕನೆಕ್ಷನ್ ಕಟ್. 60 ಅಂತ ಬರೆದರೆ 60 ಸೆಕೆಂಡು ಜಗಲಿಯಲ್ಲೇ ಕೂತಿರುತ್ತದೆ. ಅಂದ ಹಾಗೆ ಜ್ಯಾಂಗೋ ಹುಟ್ಟಿದ್ದು ಅಮೆರಿಕದ ಕ್ಯಾನ್ಸಸ್‌ನ ಒಂದು ಪತ್ರಿಕಾ ಕಚೇರಿಯಲ್ಲಿ, 2005ರಲ್ಲಿ ಹೊರಗೆ ಬಂತು. ಹೆಸರು ಗಿಟಾರ್ ವಾದಕ ಜ್ಯಾಂಗೋ ರೈನ್‌ಹಾರ್ಟ್ ಅವರದು. ಬೆಂಕಿ ಅನಾಹುತದಲ್ಲಿ ಎಡಗೈಯ ಎರಡು ಬೆರಳು ಹೆಚ್ಚುಕಮ್ಮಿ ಕೈಕೊಟ್ಟಿದ್ದವು, ಉಳಿದವುಗಳಲ್ಲೇ ಆ ಮನುಷ್ಯ ಏನೆಲ್ಲ ನುಡಿಸಿದ! ಇದಕ್ಕೂ ನಮ್ಮ ವಿಷಯಕ್ಕೂ ಸಂಬಂಧ ಇಲ್ಲ. ಸುಮ್ನೆ ನೆನಪಾಯಿತು.

ಹಾಗಾದರೆ ಎಷ್ಟು ಕನೆಕ್ಷನ್ ಬೇಕು? ಜಾನ್ ಲಿಟಲ್ 1961ರಲ್ಲಿ ಸಾಬೀತು ಮಾಡಿದ ಸಾಲಿನ ಲೆಕ್ಕ ಇದೆ. ಸೆಕೆಂಡಿಗೆ ಎಷ್ಟು ಜನ ಬರುತ್ತಾರೆ, ಒಬ್ಬೊಬ್ಬರಿಗೆ ಎಷ್ಟು ಹೊತ್ತು ಹಿಡಿಯುತ್ತದೆ, ಎರಡನ್ನೂ ಗುಣಿಸಿ. ಸೆಕೆಂಡಿಗೆ 400 ಪ್ರಶ್ನೆ, ಒಂದಕ್ಕೆ 5 ಮಿಲಿಸೆಕೆಂಡು ಅಂದರೆ ಸರಾಸರಿ ಎರಡೇ ಎರಡು ಕನೆಕ್ಷನ್ ಕೆಲಸದಲ್ಲಿರುತ್ತವೆ. ಗೆಳೆಯರಿಗೆ ಇದನ್ನು ಚೀಟಿಯಲ್ಲಿ ಬರೆದು ತೋರಿಸಿದೆ. ಅವರು ನಂಬಲಿಲ್ಲ.

ಲಾಂಚಿನ ಉದಾಹರಣೆ ಕೊಟ್ಟೆ. 2025ರಲ್ಲಿ ಸೇತುವೆ ಆಗುವ ತನಕ ಸಿಗಂದೂರಿಗೆ ಹೋಗುವವರು ಹೊಳೆಬಾಗಿಲಲ್ಲಿ ಲಾಂಚಿಗೆ ಕಾಯುತ್ತಿದ್ದರು. ಶರಾವತಿ ಹಿನ್ನೀರು ದಾಟಲು ಒಬ್ಬೊಬ್ಬರೂ ಒಂದೊಂದು ದೋಣಿ ಕಟ್ಟಿ, ದಡ ಸೇರಿ, ಅದನ್ನು ಒಡೆದು ಹಾಕುತ್ತಿರಲಿಲ್ಲವಲ್ಲ! ಆದರೆ ಹೋಲಿಕೆ ಸ್ವಲ್ಪ ಕುಂಟುತ್ತದೆ. ಲಾಂಚಿನಲ್ಲಿ ಎಲ್ಲರೂ ಒಟ್ಟಿಗೆ ದಾಟುತ್ತಾರೆ, ಕನೆಕ್ಷನ್ನಿನಲ್ಲಿ ಒಂದು ಸಲಕ್ಕೆ ಒಬ್ಬರೇ. ಮಂಡಿಯ ತಕ್ಕಡಿಯೇ ಸರಿ. ನಾಲ್ಕು ತಕ್ಕಡಿ ಹಿಡಿಸುವ ಅಂಗಳದಲ್ಲಿ ನಾನೂರು ಇಟ್ಟರೆ ಚೀಲ ಹೊತ್ತವರಿಗೆ ತಿರುಗಲು ಜಾಗ ಎಲ್ಲಿ? ಇದು ಅವರಿಗೆ ಹಿಡಿಸಿತು.

ಮಾಡಿದ್ದು ಇಷ್ಟು. ವರ್ಕರ್ 40ಕ್ಕೆ, ಮಿತಿ ಮೊದಲಿನ 100ಕ್ಕೆ. ನಡುವೆ ಪಿಜಿಬೌನ್ಸರ್ ಅನ್ನುವ ಪುಟ್ಟ ತಂತ್ರಾಂಶ ಕೂರಿಸಿದೆವು. ಅದು 10 ಕನೆಕ್ಷನ್ ತೆರೆದೇ ಇಟ್ಟುಕೊಂಡು, ಒಂದು ವ್ಯವಹಾರ ಮುಗಿದ ತಕ್ಷಣ ಸಾಲಿನಲ್ಲಿರುವ ಮುಂದಿನವರಿಗೆ ದಾಟಿಸುತ್ತದೆ. ಹಾಗೆ ಹಂಚುವಾಗ ಜ್ಯಾಂಗೋದಲ್ಲಿ ಸರ್ವರ್ ಕಡೆಯ ಕರ್ಸರ್‌ಗಳನ್ನು, ಅಂದರೆ ಉತ್ತರವನ್ನು ಕಂತುಕಂತಾಗಿ ತರಿಸಿಕೊಳ್ಳುವ ವ್ಯವಸ್ಥೆಯನ್ನು, ಬಂದ್ ಮಾಡಬೇಕು. ಅದಕ್ಕೊಂದು ಸಾಲು. ಮತ್ತೆ ಪೋರ್ಟ್, ಅಂದರೆ ಬಾಗಿಲಿನ ನಂಬರು, ಪೋಸ್ಟ್‌ಗ್ರೆಸ್‌ನ 5432 ಇದ್ದದ್ದು ಪಿಜಿಬೌನ್ಸರ್‌ನ 6432. ಒಂದೇ ಒಂದು ಅಂಕಿ.

ಮರುದಿನ ರೇಟು ಬಂದ ಹೊತ್ತಿಗೆ ನಾವಿಬ್ಬರೂ ಪರದೆ ನೋಡುತ್ತಾ ಕೂತಿದ್ದೆವು. ಸಾಲು ಬೆಳೆಯಿತು, ಕರಗಿತು. ಬೈಯಲು ಯಾರೂ ಫೋನ್ ಮಾಡಲಿಲ್ಲ. ಗೆಳೆಯರು ಎದ್ದು ಹೋಗಿ ಬಾಡಿದ ನಿಂಬೆಹಣ್ಣು ತೆಗೆದು, ಹೊಸದೊಂದು ಇಟ್ಟರು.